ಹೈಸ್ಕೂಲಿನಲ್ಲಿ ವಿಡಿಯೊ ಗೇಮ್ ತಂಡ ಕಟ್ಟಬೇಕು ಅಂತಿದ್ದೇನೆ, ಹೆಡ್ ಟೀಚರಿಗೆ ಏನಂತ ಬರೆದು ಕೊಡಲಿ?

ಲ್ಯಾಬ್_ಮಾಸ್ತರ_ಕಲಬುರಗಿ
ನಮಸ್ಕಾರ ರೀ ಎಲ್ಲರಿಗೂ. ನಾನು ಕಲಬುರಗಿಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹೋದ ವಾರ 9ನೇ ಕ್ಲಾಸಿನ ಏಳು ಮಕ್ಕಳು ಲ್ಯಾಬಿಗೆ ಬಂದು ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಕೊಟ್ಟರು. ಮೇಲೆ 'ಮನವಿ ಪತ್ರ' ಅಂತ ಇತ್ತು, ಕೆಳಗೆ ಏಳೂ ಜನರ ಸಹಿ. ಶಾಲೆಗೆ ಕಬಡ್ಡಿ ತಂಡ ಇದೆ, ಖೋಖೋ ತಂಡ ಇದೆ, ಹಾಗೇ ಒಂದು ಇ-ಸ್ಪೋರ್ಟ್ಸ್ ತಂಡ ಮಾಡಿಕೊಡಿ, ಕೋಚ್ ನೀವೇ ಆಗಿ ಅನ್ನೋದು ಬೇಡಿಕೆ.

ಹಾಳೆ ತಿರುಗಿಸಿದರೆ ಹಿಂದೆ ಪೆನ್ಸಿಲಿನಲ್ಲಿ ಒಂದು ಮ್ಯಾಪ್ ಬರೆದಿದ್ದರು. ಯಾರು ಎಲ್ಲಿ ನಿಲ್ಲಬೇಕು ಅಂತ ಬಾಣದ ಗುರುತು, ಪಕ್ಕದಲ್ಲಿ ಹೆಸರು. ಒಬ್ಬನ ಹೆಸರಿನ ಮುಂದೆ 'ಇವನು ಮಾತ್ರ ಮಾತಾಡಬೇಕು, ಉಳಿದವರು ಸುಮ್ನಿರಬೇಕು' ಅಂತ ಬರೆದಿತ್ತು. ಆ ಹುಡುಗ ಕ್ಲಾಸಿನಲ್ಲಿ ಬಾಯಿ ಬಿಡುವುದೇ ಇಲ್ಲ. ಹಾಜರಿ ಕೂಗಿದರೂ ಕೈ ಎತ್ತುತ್ತಾನೆ, ಅಷ್ಟೇ. ಅವನನ್ನು ನಾಯಕ ಮಾಡಿದ್ದಾರೆ! ಆವತ್ತಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ.

ಹೆಡ್ ಟೀಚರ್ ಬೇಡ ಅನ್ನಲಿಲ್ಲ. 'ಒಂದು ಪುಟ ಬರೆದು ಕೊಡಿ. ಯಾಕೆ ಬೇಕು, ಹೇಗೆ ನಡೆಸುತ್ತೀರಿ, ಪಾಲಕರು ಜಗಳಕ್ಕೆ ಬಂದರೆ ಏನು ಹೇಳುತ್ತೀರಿ' ಅಂದರು. ಲ್ಯಾಬಿನಲ್ಲಿ 10 ಕಂಪ್ಯೂಟರ್ ಇವೆ, ನಡೆಯುವುದು 6. 8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕರೆಂಟ್ ಹೋದರೆ ಯುಪಿಎಸ್ 10 ನಿಮಿಷ ತಡೆಯುತ್ತದೆ.

ಈ ಮಕ್ಕಳು ಹೇಗೂ ಆಡುತ್ತಾರೆ. ರಾತ್ರಿ ಕೌದಿ ಹೊದ್ದುಕೊಂಡು ಒಬ್ಬೊಬ್ಬರೇ ಆಡುವ ಬದಲು ನನ್ನ ಕಣ್ಣ ಮುಂದೆ, ಗಡಿಯಾರ ನೋಡಿಕೊಂಡು, ಒಟ್ಟಿಗೆ ಆಡಲಿ ಅನ್ನೋದು ನನ್ನ ಆಸೆ. ನಿಮಗೆ ಏನನ್ನಿಸುತ್ತದೆ ಹೇಳಿ.

ಗಣಿತದ_ಅಕ್ಕೋರು
ಸರ್, ಬೇಜಾರು ಮಾಡಿಕೊಳ್ಳಬೇಡಿ. 2025ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆಗೆ 42.43 ಪರ್ಸೆಂಟ್ ಬಂತು. ರಾಜ್ಯಕ್ಕೇ ಕೊನೆ. ದಕ್ಷಿಣ ಕನ್ನಡದವರು 91 ದಾಟಿದ್ದಾರೆ. 9ನೇ ಕ್ಲಾಸಿಗೆ ಬಂದರೂ ಭಾಗಾಕಾರ ತಪ್ಪುವ ಮಕ್ಕಳನ್ನು ನಾನು ದಿನಾ ನೋಡುತ್ತೇನೆ. ಇಂಥ ಹೊತ್ತಿನಲ್ಲಿ ಶಾಲೆಯೇ ಗೇಮ್ ಕೈಗೆ ಕೊಡಬೇಕಾ?

ಸುರಪುರ_ಸ್ಕ್ವಾಡ್
ಮಾಡಿ ಸರ್ ಮಾಡಿ! ನಮ್ಮ ಕಾಲಕ್ಕೆ ಇಂಥ ಮಾಸ್ತರು ಸಿಗಲಿಲ್ಲ.

ತೊಗರಿ_ಹೊಲ
ಅಕ್ಕೋರೇ, ಅದು ಪರೀಕ್ಷೆ-1ರ ಲೆಕ್ಕ. ಆಮೇಲೆ ಪರೀಕ್ಷೆ-2, 3 ಬರೆದು ಪಾಸಾದವರೂ ಇದ್ದಾರೆ. 2024ರಲ್ಲಿ ಕೊನೆಗೆ ಇದ್ದದ್ದು ಯಾದಗಿರಿ. ಆಗ ಯಾವ ಶಾಲೆಯಲ್ಲಿ ಗೇಮ್ ತಂಡ ಇತ್ತು? ಕಾರಣ ಬೇರೆ ಇವೆ. ತೊಗರಿ ರಾಶಿ ಬಂದರೆ ಮಕ್ಕಳು ಹೊಲದಲ್ಲಿ, ಮನೆಯವರು ಪುಣೆ, ಮುಂಬಯಿಗೆ ಗುಳೆ ಹೋದರೆ ಮಕ್ಕಳೂ ಹಿಂದೆ. ಶಾಲೆಗೆ ಬರುವುದೇ ಕಷ್ಟ.

ಗಣಿತದ_ಅಕ್ಕೋರು
ಕಾರಣ ಬೇರೆ ಇವೆ, ಒಪ್ಪಿದೆ. ಅವುಗಳ ಜೊತೆಗೆ ಇನ್ನೊಂದು ಸೇರಿಸುವುದು ಬೇಡ ಅಂತಲೇ ಹೇಳುತ್ತಿದ್ದೇನೆ.

ಮೈದಾನದ_ಮಾಸ್ತರ_ಯಾದಗಿರಿ
ನಾನು ದೈಹಿಕ ಶಿಕ್ಷಕ. 19 ವರ್ಷದಿಂದ ಕಬಡ್ಡಿ, ವಾಲಿಬಾಲ್ ಕಲಿಸುತ್ತಿದ್ದೇನೆ. ಬೆವರು ಬರದ ಆಟವನ್ನು ಕ್ರೀಡೆ ಅಂತ ನಾನು ಒಪ್ಪುವುದಿಲ್ಲ. ಮೊದಲೇ ಸಂಜೆ ಮೈದಾನಕ್ಕೆ ಮಕ್ಕಳು ಬರುವುದು ಕಡಿಮೆಯಾಗಿದೆ. ಇನ್ನು ಶಾಲೆಯೇ ಕುರ್ಚಿ ಹಾಕಿ ಕೂರಿಸಿದರೆ ಆಯಿತು ಬಿಡಿ.

ರಿಂಗ್_ರೋಡ್_ನೆಟ್‌ವರ್ಕ್
ಚೆಸ್ ಆಡುವಾಗ ಬೆವರು ಬರುತ್ತಾ ಸರ್? ಶಾಲಾ ಕ್ರೀಡಾಕೂಟದಲ್ಲಿ ಚೆಸ್ ಇದೆ, ಅಲ್ವಾ?

ಮೈದಾನದ_ಮಾಸ್ತರ_ಯಾದಗಿರಿ
ಚೆಸ್ಸಿಗೆ ನೂರಾರು ವರ್ಷದ ಇತಿಹಾಸ ಇದೆ ತಮ್ಮಾ. ಅದರ ಜೊತೆ ಇದನ್ನು ಹೋಲಿಸಬೇಡ.

ಸುರಪುರ_ಸ್ಕ್ವಾಡ್
ಏಷ್ಯನ್ ಗೇಮ್ಸಿನಲ್ಲೇ ಇ-ಸ್ಪೋರ್ಟ್ಸ್ ಇದೆ ಸರ್. ನಮ್ಮ ದೇಶಕ್ಕೆ ಚಿನ್ನವೂ ಬಂದಿದೆ.

ಬಿಸಿಲು_ನಾಡು
ಚಿನ್ನ ಅಲ್ಲ ತಮ್ಮಾ, ಸರಿಯಾಗಿ ಹೇಳೋಣ. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ತೀರ್ಥ್ ಮೆಹ್ತಾ ಅನ್ನುವ ಆಟಗಾರ ಹಾರ್ತ್‌ಸ್ಟೋನ್ ಅನ್ನುವ ಕಾರ್ಡ್ ಗೇಮಿನಲ್ಲಿ ಕಂಚು ಗೆದ್ದರು. ಅದು ಪ್ರದರ್ಶನ ಕ್ರೀಡೆ ಆಗಿತ್ತು, ಹಾಗಾಗಿ ಪದಕ ಪಟ್ಟಿಗೆ ಸೇರಲಿಲ್ಲ. ಪದಕಕ್ಕೆ ಲೆಕ್ಕ ಹಿಡಿದದ್ದು 2023ರಲ್ಲಿ, ಹಾಂಗ್‌ಝೌನಲ್ಲಿ. ಅಲ್ಲಿ ಲೀಗ್ ಆಫ್ ಲೆಜೆಂಡ್ಸ್ ಅನ್ನುವ ಗೇಮಿನಲ್ಲಿ ನಮ್ಮ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ವಿಯೆಟ್ನಾಂಗೆ ಸೋತಿತು. 2025ರ ಮೇ ತಿಂಗಳಲ್ಲಿ ಬಿಹಾರದ ಖೇಲೋ ಇಂಡಿಯಾ ಯೂತ್ ಗೇಮ್ಸಿನಲ್ಲೂ ಇ-ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆಯಾಗಿ ಇತ್ತು. ಮಾಸ್ತರೇ, ನಿಮ್ಮ ಪುಟದಲ್ಲಿ ಇದನ್ನು ಬರೆಯಿರಿ, ಹೆಡ್ ಟೀಚರಿಗೆ ಧೈರ್ಯ ಬರುತ್ತದೆ.

ಇಬ್ಬರ_ಅವ್ವ
ನಾನು ಒಬ್ಬ ಪಾಲಕಿಯಾಗಿ ಹೇಳುತ್ತೇನೆ. ನನ್ನ ದೊಡ್ಡ ಮಗ 8ನೇ ಕ್ಲಾಸಿನಲ್ಲಿದ್ದಾಗ ಗೇಮಿನೊಳಗೆ ಬಟ್ಟೆ, ಬಂದೂಕಿನ ಬಣ್ಣ ಕೊಳ್ಳಲು ನನ್ನ ಫೋನಿನಿಂದ ಸ್ವಲ್ಪ ಸ್ವಲ್ಪವೇ ದುಡ್ಡು ಹಾಕಿದ್ದ. ಒಂದು ಸಲ 79, ಇನ್ನೊಂದು ಸಲ 159. ಬ್ಯಾಂಕಿನ ಮೆಸೇಜ್ ಬಂದ ಕೂಡಲೇ ಅಳಿಸಿಬಿಡುತ್ತಿದ್ದ. ಪಾಸ್‌ಬುಕ್ ಎಂಟ್ರಿ ಮಾಡಿಸಿದ ದಿನ ಗೊತ್ತಾಯಿತು, 6,200 ರೂಪಾಯಿ ಹೋಗಿತ್ತು. ಅದು ಅವನ ತಂಗಿಯ ಕಿವಿಯೋಲೆಗೆ ಇಟ್ಟ ದುಡ್ಡು. ನಾನು ಹೊಡೆಯಲಿಲ್ಲ. ಅವನೇ ಎರಡು ದಿನ ಊಟ ಬಿಟ್ಟ.

ತಂಡ ಮಾಡುವುದಾದರೆ ದುಡ್ಡಿನ ವಿಷಯ ಮೊದಲ ಸಾಲಿನಲ್ಲೇ ಬರೆಯಿರಿ ಸರ್. ನಾವು ತಾಯಂದಿರು ಮೊದಲು ಅದನ್ನೇ ಕೇಳುತ್ತೇವೆ.

ಲ್ಯಾಬ್_ಮಾಸ್ತರ_ಕಲಬುರಗಿ
ಅಕ್ಕ, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮೊದಲ ಸಾಲು ಇದೇ ಆಗುತ್ತದೆ: ಒಂದು ರೂಪಾಯಿಯೂ ಇಲ್ಲ, ಮಕ್ಕಳ ಫೋನೂ ಇಲ್ಲ, ಶಾಲೆಯ ಕಂಪ್ಯೂಟರಿನಲ್ಲಿ ಮಾತ್ರ.

ಕೋಟೆ_ಹಿಂದಿನ_ಮನೆ
ಈಗ ಗೇಮಿಂಗನ್ನೇ ಸರ್ಕಾರ ಬ್ಯಾನ್ ಮಾಡಿದೆಯಲ್ಲ? ಶಾಲೆಯಲ್ಲಿ ಆಡಿಸಿದರೆ ಕೇಸ್ ಆಗುವುದಿಲ್ವಾ?

ಬಿಸಿಲು_ನಾಡು
ಇಲ್ಲ. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ತಡೆದದ್ದು ದುಡ್ಡು ಕಟ್ಟಿ ಆಡುವ ಗೇಮುಗಳನ್ನು. ರಮ್ಮಿ, ಫ್ಯಾಂಟಸಿ ಅಂಥವು. ಅದೇ ಕಾಯ್ದೆ ಇ-ಸ್ಪೋರ್ಟ್ಸನ್ನು ಬೇರೆ ಮಾಡಿ, ಪ್ರೋತ್ಸಾಹ ಕೊಡಬೇಕಾದ ಸ್ಪರ್ಧೆ ಅಂತ ಗುರುತಿಸಿದೆ. ಅದಕ್ಕೂ ಮೊದಲು 2022ರ ಡಿಸೆಂಬರಿನಲ್ಲೇ ಇ-ಸ್ಪೋರ್ಟ್ಸನ್ನು ಕೇಂದ್ರ ಕ್ರೀಡಾ ಸಚಿವಾಲಯದ ಕೆಳಗೆ ತಂದಿದ್ದರು. ಇವೆರಡು ಗೊಂದಲ ಆಗುವುದು ಸಹಜ, ಪೇಪರಿನಲ್ಲಿ ಎರಡಕ್ಕೂ 'ಗೇಮಿಂಗ್' ಅಂತಲೇ ಬರೆಯುತ್ತಾರೆ.

ಬಿದ್ರಿ_ಹುಡುಗಿ
ನಾನು ಬೀದರಿನವಳು, ಈಗ ಅಮೆರಿಕದಲ್ಲಿ ಇದ್ದೇನೆ. ಇಲ್ಲಿ ಹೈಸ್ಕೂಲುಗಳಲ್ಲಿ ಇದು ಈಗ ಮಾಮೂಲಿ. ಹೈಸ್ಕೂಲ್ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟ 2018ರಲ್ಲಿ ಪ್ಲೇವಿಎಸ್ ಅನ್ನುವ ಕಂಪನಿಯ ಜೊತೆ ಸೇರಿ ಶಾಲೆ-ಶಾಲೆಗಳ ನಡುವೆ ಲೀಗ್ ಶುರು ಮಾಡಿತು. ಅದಕ್ಕೂ ಮೊದಲು, 2014ರಲ್ಲಿ, ಶಿಕಾಗೊದ ರಾಬರ್ಟ್ ಮೋರಿಸ್ ಯೂನಿವರ್ಸಿಟಿ ಗೇಮ್ ಆಟಗಾರರಿಗೆ ಸ್ಕಾಲರ್‌ಶಿಪ್ ಕೊಟ್ಟಿತ್ತು.

ನನ್ನ ಮಗ ಅವನ ಶಾಲೆಯ ತಂಡದಲ್ಲಿದ್ದಾನೆ. ವಾರಕ್ಕೆ ಎರಡು ದಿನ, ಶಾಲೆ ಬಿಟ್ಟ ಮೇಲೆ ಒಂದೂವರೆ ತಾಸು. ಕೋಚ್ ಅವರ ಕೆಮಿಸ್ಟ್ರಿ ಟೀಚರ್. ಮಾರ್ಕ್ಸ್ ಕಡಿಮೆ ಬಂದರೆ ತಂಡದಿಂದ ಹೊರಗೆ ಕೂರಿಸುತ್ತಾರೆ, ಫುಟ್‌ಬಾಲ್ ಆಡುವವರಿಗೆ ಇರುವ ನಿಯಮವೇ ಇವರಿಗೂ. ಹೋದ ವರ್ಷ ಇವನು ಇಂಗ್ಲಿಷಿನಲ್ಲಿ ಹಿಂದೆ ಬಿದ್ದು ಮೂರು ವಾರ ಬೆಂಚಿನ ಮೇಲೆ ಕೂತ. ನಾನು ಎಷ್ಟು ಹೇಳಿದರೂ ಮುಟ್ಟದ ಪುಸ್ತಕ, ಆ ಮೂರು ವಾರದಲ್ಲಿ ಓದಿ ಮುಗಿಸಿದ. ಗಣಿತದ ಅಕ್ಕೋರೇ, ನಿಮ್ಮ ಭಯಕ್ಕೆ ಇದು ಒಂದು ದಾರಿ ಆಗಬಹುದು ಅನ್ನಿಸುತ್ತದೆ.

ಇನ್ನೊಂದು ಮಾತು. ಬಂದೂಕಿನ ಗೇಮ್ ಬಗ್ಗೆ ಇಲ್ಲೂ ದೊಡ್ಡ ಜಗಳ ನಡೆದಿದೆ. 2020ರಲ್ಲಿ ಲೀಗಿಗೆ ಫೋರ್ಟ್‌ನೈಟ್ ಸೇರಿಸಲು ಹೋದಾಗ ಕೆಂಟಕಿ ರಾಜ್ಯದ ಹೈಸ್ಕೂಲ್ ಕ್ರೀಡಾ ಸಂಘ, ಗುಂಡು ಹೊಡೆಯುವ ಆಟಕ್ಕೆ ಶಾಲೆಯಲ್ಲಿ ಜಾಗ ಇಲ್ಲ ಅಂತ ಬಾಗಿಲು ಹಾಕಿತು.

ಗಣಿತದ_ಅಕ್ಕೋರು
ಮಾರ್ಕ್ಸಿನ ನಿಯಮ ನನಗೆ ಹಿಡಿಸಿತು. ಆದರೆ ಮಾರ್ಕ್ಸ್ ಅಂದರೆ ಹುಷಾರಿ ಮಕ್ಕಳೇ ಉಳಿಯುತ್ತಾರೆ. ನಮ್ಮಲ್ಲಿ ಹಾಜರಿ ಇಟ್ಟುಕೊಳ್ಳಿ. ವಾರದ ಆರೂ ದಿನ ಶಾಲೆಗೆ ಬಂದವನಿಗೆ ಮಾತ್ರ ಶನಿವಾರ ಆಟ. ಇದನ್ನು ಮಾಡಿದರೆ ನಾನು ವಿರೋಧ ಮಾಡುವುದಿಲ್ಲ.

ತೊಗರಿ_ಹೊಲ
ಆಹಾ ಅಕ್ಕೋರೇ! ಇದು ಮಾತು.

ಸುರಪುರ_ಸ್ಕ್ವಾಡ್
ಆದರೆ ಸರ್, ಮಕ್ಕಳು ಕೇಳುತ್ತಿರುವುದು ಬಿಜಿಎಂಐ ಇರಬೇಕು, ಫೋನಿನಲ್ಲಿ ಆಡುವ ಬಂದೂಕಿನ ಗೇಮ್. ಮ್ಯಾಪ್ ಬರೆದಿದ್ದಾರೆ ಅಂದರೆ ಅದೇ. ನಾಲ್ಕು ಜನರ ಸ್ಕ್ವಾಡ್, ಒಬ್ಬ ಐಜಿಎಲ್. ಅಂದರೆ ಗೇಮಿನೊಳಗೆ ನಿರ್ಧಾರ ಹೇಳುವವನು. ಆ ಮಾತಾಡದ ಹುಡುಗ ಐಜಿಎಲ್. ಅವನಿಗೆ ಬೇರೆ ಗೇಮ್ ಕೊಟ್ಟರೆ ಹೇಗೆ?

ಲ್ಯಾಬ್_ಮಾಸ್ತರ_ಕಲಬುರಗಿ
ಹೌದು, ಬಿಜಿಎಂಐ ಮ್ಯಾಪೇ. ಆದರೆ ಅದಕ್ಕೆ ಫೋನ್ ಬೇಕು, ಶಾಲೆಗೆ ಫೋನ್ ತರುವಂತಿಲ್ಲ. 18 ತುಂಬದವರಿಗೆ ಪಾಲಕರ ಒಪ್ಪಿಗೆ ಬೇಕು, ದಿನಕ್ಕೆ 3 ತಾಸಿನ ಮಿತಿ ಇದೆ ಅಂತ ಆ ಗೇಮೇ ಹೇಳುತ್ತದೆ. ಮಕ್ಕಳು ಅಣ್ಣನ ಅಕೌಂಟಿನಲ್ಲಿ ಆಡಿ ಅದನ್ನು ದಾಟುತ್ತಾರೆ ಅನ್ನೋದು ನನಗೂ ಗೊತ್ತು. ಅದಕ್ಕೆ ನಾನು ಸಹಿ ಹಾಕಲಾರೆ.

ಸೂಪರ್_ಮಾರ್ಕೆಟ್_ಕೆಫೆ
ನಾನು ಸೂಪರ್ ಮಾರ್ಕೆಟ್ ಹತ್ತಿರ ನಾಲ್ಕು ವರ್ಷ ಗೇಮಿಂಗ್ ಕೆಫೆ ನಡೆಸಿದ್ದೆ. ಒಂದು ಬುದ್ಧಿಮಾತು: ಗೇಮ್ ಆರಿಸುವ ಮೊದಲು ನಿಮ್ಮ ಯುಪಿಎಸ್ ನೋಡಿ. ಬಿಜಿಎಂಐ ಒಂದು ಮ್ಯಾಚ್ ಸುಮಾರು ಅರ್ಧ ತಾಸು. ಲೀಗ್ ಆಫ್ ಲೆಜೆಂಡ್ಸ್ ಇನ್ನೂ ಜಾಸ್ತಿ ಹಿಡಿಯಬಹುದು. ನಮ್ಮೂರಿನ ಕರೆಂಟಿಗೆ ಅದು ಆಗುವುದಿಲ್ಲ. ಗೆಲ್ಲುವ ಮ್ಯಾಚ್ ಮಧ್ಯದಲ್ಲಿ ಹೋದರೆ ಹುಡುಗರು ಅಳುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ.

ರಾಕೆಟ್ ಲೀಗ್ ನೋಡಿ. ಕಾರುಗಳಲ್ಲಿ ಫುಟ್‌ಬಾಲ್ ಆಡುವ ಆಟ. ಮೂರು ಜನಕ್ಕೆ ಮೂರು ಜನ, ಮ್ಯಾಚ್ 5 ನಿಮಿಷ. ಬಂದೂಕು ಇಲ್ಲ, ರಕ್ತ ಇಲ್ಲ, 2020ರಿಂದ ಪುಕ್ಕಟೆ. ನಿಮ್ಮ 6 ಕಂಪ್ಯೂಟರಿಗೆ ಅಳತೆ ತೆಗೆದು ಹೊಲಿದ ಹಾಗಿದೆ. ಗ್ರಾಫಿಕ್ಸ್ ಎಲ್ಲ ತೀರಾ ಕೆಳಗೆ ಇಳಿಸಿದರೆ ಕಾರ್ಡ್ ಇಲ್ಲದಿದ್ದರೂ ತಕ್ಕಮಟ್ಟಿಗೆ ಓಡುತ್ತದೆ.

ರಿಂಗ್_ರೋಡ್_ನೆಟ್‌ವರ್ಕ್
ಕೆಫೆ ಅಣ್ಣನ ಮಾತಿಗೆ ನೂರಕ್ಕೆ ನೂರು. ವೈಫೈ ಮೇಲೆ ಮಾತ್ರ ಆಡಿಸಬೇಡಿ ಸರ್, ಎಲ್ಲ ಕಂಪ್ಯೂಟರಿಗೂ ಲ್ಯಾನ್ ಕೇಬಲ್ ಎಳೆಯಿರಿ. ಪಿಂಗ್, ಅಂದರೆ ಸಿಗ್ನಲ್ ಗೇಮ್ ಸರ್ವರಿಗೆ ಹೋಗಿ ಬರುವ ಹೊತ್ತು, ಸರಾಸರಿ 40 ಮಿಲಿಸೆಕೆಂಡ್ ಇದ್ದರೂ ನಡೆಯುತ್ತದೆ, 40ರಿಂದ 200ಕ್ಕೆ ಹಾರಿ ಮತ್ತೆ ಇಳಿದರೆ ಕಾರು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಗೋಡೆಗಳ ನಡುವೆ ವೈಫೈ ಹಾಗೇ ಮಾಡುತ್ತದೆ. ಗೇಮ್ ಫೈಲ್ ದೊಡ್ಡದು. ಆರೂ ಕಡೆ ಇಳಿಸಲು ಹೋಗಬೇಡಿ, ಒಂದರಲ್ಲಿ ರಾತ್ರಿ ಡೌನ್‌ಲೋಡಿಗೆ ಹಾಕಿ, ಬೆಳಗ್ಗೆ ಹಾರ್ಡ್ ಡಿಸ್ಕಿನಿಂದ ಉಳಿದವಕ್ಕೆ ಕಾಪಿ ಮಾಡಿ.

ಕೋಟೆ_ಹಿಂದಿನ_ಮನೆ
ಏಪ್ರಿಲ್ ಬಂದರೆ ಆ ಲ್ಯಾಬಿನಲ್ಲಿ ಕೂರಲು ಆಗುತ್ತಾ? 42 ಡಿಗ್ರಿಗೆ ಕಂಪ್ಯೂಟರೇ ಬಂದ್ ಆಗುತ್ತದೆ.

ಸೂಪರ್_ಮಾರ್ಕೆಟ್_ಕೆಫೆ
ಆಗುತ್ತದೆ ರೀ. ಮೇ ತಿಂಗಳಲ್ಲಿ ನಾನು ಸಿಪಿಯು ಡಬ್ಬಿಯ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಚ್ಚುತ್ತಿದ್ದೆ. ದೂಳು ಮಾತ್ರ ವಾರಕ್ಕೊಮ್ಮೆ ಊದಲೇಬೇಕು. ಮಾರ್ಚಿಗೆ ನಿಲ್ಲಿಸಿಬಿಡಿ, ಪರೀಕ್ಷೆಯೂ ಅದೇ ಹೊತ್ತಿಗೆ.

ಹಾಸ್ಟೆಲ್_ರೂಮ್_12
ಸರ್, ಆ ಏಳು ಸಹಿಯಲ್ಲಿ ಹುಡುಗಿಯರು ಎಷ್ಟು?

ಲ್ಯಾಬ್_ಮಾಸ್ತರ_ಕಲಬುರಗಿ
ಒಬ್ಬಳೂ ಇಲ್ಲಮ್ಮ. ನೀನು ಕೇಳುವವರೆಗೆ ನನಗೂ ಹೊಳೆದಿರಲಿಲ್ಲ.

ಹಾಸ್ಟೆಲ್_ರೂಮ್_12
ನಾನು ಈಗ ಡಿಗ್ರಿ ಓದುತ್ತಿದ್ದೇನೆ, ಊರು ಶಹಾಪುರದ ಕಡೆ. ಪಿಯುಸಿಯಿಂದ ಆಡುತ್ತೇನೆ, ಚೆನ್ನಾಗಿಯೇ ಆಡುತ್ತೇನೆ. ಮೊದಲ ಸಲ ಮೈಕ್ ಆನ್ ಮಾಡಿ 'ಎಡಗಡೆ ಒಬ್ಬ ಇದ್ದಾನೆ' ಅಂದೆ. ಅಷ್ಟೇ ಅಂದದ್ದು. ಅವರು ನನ್ನ ದನಿ ಕೇಳಿ ಎದುರಿಗೆ ಇದ್ದವನನ್ನು ಬಿಟ್ಟು ನನ್ನ ಮೇಲೆ ಶುರು ಮಾಡಿದರು. ಇಲ್ಲಿ ಬರೆಯುವ ಮಾತಲ್ಲ. ಮೈಕ್ ಮುಚ್ಚಿದೆ. ಎರಡು ವರ್ಷ ಮೂಕಿಯ ಹಾಗೆ ಆಡಿದ್ದೇನೆ. ಹೆಸರನ್ನೂ ಹುಡುಗನ ಹೆಸರು ಇಟ್ಟುಕೊಂಡೆ.

ಶಾಲೆಯ ತಂಡ ಅಂದರೆ ಒಂದೇ ಕೋಣೆ, ಒಬ್ಬ ಮಾಸ್ತರು, ಗೊತ್ತಿರುವ ಮುಖಗಳು. ಅಲ್ಲಿ ಹುಡುಗಿಯರು ಬಾಯಿ ತೆರೆದು ಆಡಬಹುದು. ಹೊರಗಿನವರ ವಾಯ್ಸ್ ಚಾಟ್, ಟೆಕ್ಸ್ಟ್ ಚಾಟ್ ಎರಡೂ ಬಂದ್ ಮಾಡಿ. ಹುಡುಗಿಯರನ್ನು ನೀವೇ ಹೋಗಿ ಕೇಳಿ, ತಾವಾಗಿ ಬಂದು ಕೇಳುವುದಿಲ್ಲ.

ಇಬ್ಬರ_ಅವ್ವ
ಮಗಳೇ, ನಿನ್ನ ಮಾತು ಓದಿ ಕರುಳು ಚುರ್ ಅಂತು. ನನ್ನ ಚಿಕ್ಕವಳು 8ನೇ ಕ್ಲಾಸ್. ಅಣ್ಣನ ಪಕ್ಕ ಕೂತು ನೋಡುತ್ತಾಳೆ ಅಷ್ಟೇ, ಅವಳಿಗೆ ಯಾರೂ ಕೊಡುವುದಿಲ್ಲ.

ಆಪ್ತ_ಸಮಾಲೋಚಕಿ
ನಾನು ಹದಿಹರೆಯದವರ ಜೊತೆ ಕೆಲಸ ಮಾಡುತ್ತೇನೆ. ಪಾಲಕರು 'ಗೇಮ್ ಚಟ' ಅಂತ ಕರೆದುಕೊಂಡು ಬರುವವರೆಲ್ಲ ಚಟದವರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಡಿಸಾರ್ಡರನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದರ ಗುರುತು ಎಷ್ಟು ತಾಸು ಆಡುತ್ತಾನೆ ಅನ್ನೋದಲ್ಲ. ನಿಲ್ಲಿಸಬೇಕು ಅಂದರೂ ನಿಲ್ಲಿಸಲು ಆಗದಿರುವುದು, ಊಟ, ನಿದ್ದೆ, ಗೆಳೆಯರು, ಓದು ಎಲ್ಲ ಹಿಂದೆ ಸರಿಯುವುದು, ಕೆಟ್ಟದ್ದಾಗುತ್ತಿದೆ ಅಂತ ಕಂಡರೂ ಬಿಡದಿರುವುದು, ಇದು ಸಾಮಾನ್ಯವಾಗಿ 12 ತಿಂಗಳು ನಡೆದಿರಬೇಕು.

ಮಾಸ್ತರೇ, ನಿಮಗೆ ಒಂದೇ ಕೆಲಸ ಹೇಳುತ್ತೇನೆ. 'ಸಾಕು, ಏಳಿ' ಅಂದಾಗ ಯಾರು ಏಳುತ್ತಾರೆ, ಯಾರು ಏಳುವುದಿಲ್ಲ ನೋಡಿ. ಏಳದವನ ಮನೆಯವರ ಜೊತೆ ಮಾತಾಡಿ. ಮನೆಯಲ್ಲಿ ಒಬ್ಬನೇ ಆಡುವಾಗ ಇದನ್ನು ನೋಡುವವರೇ ಇರುವುದಿಲ್ಲ. ಮತ್ತೆ 20 ನಿಮಿಷಕ್ಕೊಮ್ಮೆ 20 ಸೆಕೆಂಡ್ ಕಿಟಕಿಯ ಹೊರಗೆ ದೂರ ನೋಡಿಸಿ, ಕಣ್ಣಿಗೆ ಆರಾಮ.

ರಿಂಗ್_ರೋಡ್_ನೆಟ್‌ವರ್ಕ್
ಒಂದು ಸಣ್ಣ ಪ್ರಶ್ನೆ. ತಂಡ ಯಾವ ಭಾಷೆಯಲ್ಲಿ ಕೂಗಾಡಬೇಕು? ನಮ್ಮ ಕಡೆ ಒಬ್ಬ 'ಪಿಚ್ಚೇ ಹೈ ರೇ' ಅಂತಾನೆ, ಇನ್ನೊಬ್ಬ 'ಹಿಂದ ಬಂದಾ' ಅಂತಾನೆ, ಸೇಡಂ ಕಡೆಯವನು ತೆಲುಗಿನಲ್ಲಿ ಶುರು ಮಾಡುತ್ತಾನೆ. ಅರ್ಥ ಎಲ್ಲರಿಗೂ ಆಗುತ್ತದೆ, ಆದರೆ ಅರ್ಧ ಸೆಕೆಂಡ್ ತಡ ಆದರೂ ಗೋಲ್ ಹೋಗುತ್ತದೆ.

ಸುರಪುರ_ಸ್ಕ್ವಾಡ್
ನಮ್ಮ ಸ್ಕ್ವಾಡಿನಲ್ಲಿ ಎಲ್ಲ ಕಲಸು. 'ದೋ ಜನ ಮ್ಯಾಲೆ' ಅಂದರೆ ಸಾಕು, ನಾಲ್ಕೂ ಜನ ತಿರುಗುತ್ತೇವೆ.

ಮೈದಾನದ_ಮಾಸ್ತರ_ಯಾದಗಿರಿ
ಇದಕ್ಕೆ ನಾನು ಹೇಳುತ್ತೇನೆ. ವಾಲಿಬಾಲಿನಲ್ಲಿ ಇಬ್ಬರ ನಡುವೆ ಚೆಂಡು ಬಂದರೆ ಇಬ್ಬರೂ ನಿಂತು ನೋಡುತ್ತಾರೆ, ಇಲ್ಲ ಇಬ್ಬರೂ ನುಗ್ಗಿ ತಲೆ ಬಡಿದುಕೊಳ್ಳುತ್ತಾರೆ. ಅದಕ್ಕೆ ನಾನು ಮೊದಲ ವಾರ ಕಲಿಸುವುದು ಎರಡೇ ಮಾತು. 'ನಂದು', 'ಬಿಡು'. ಚೆಂಡಿಲ್ಲದೆ, ಬರೀ ಕೂಗಿಸುತ್ತೇನೆ. ಕಾರಿನ ಆಟದಲ್ಲೂ ಚೆಂಡು ಒಂದೇ, ಆಡುವವರು ಮೂವರು. ಇವೇ ಎರಡು ಮಾತು ಸಾಕು.

ಮತ್ತೆ ನನ್ನ ಶರತ್ತು ಒಂದಿದೆ. ಲ್ಯಾಬಿಗೆ ಕಾಲಿಡುವ ಮೊದಲು 20 ನಿಮಿಷ ಮೈದಾನದಲ್ಲಿ ಓಡಲಿ. ಓಡದವನಿಗೆ ಮೌಸ್ ಇಲ್ಲ. ಕ್ರೀಡೆ ಅಂತ ನಾನು ಇನ್ನೂ ಒಪ್ಪಿಲ್ಲ, ಆದರೆ ತಂಡ ಅಂತ ಒಪ್ಪುತ್ತೇನೆ.

ತೊಗರಿ_ಹೊಲ
ಸಂಜೆ ಇಡಬೇಡಿ ಸರ್. ಹಳ್ಳಿಯಿಂದ ಬರುವ ಮಕ್ಕಳಿಗೆ 5ರ ಬಸ್ ತಪ್ಪಿದರೆ ರಾತ್ರಿಯೇ ಗತಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಇಡಿ.

ಲ್ಯಾಬ್_ಮಾಸ್ತರ_ಕಲಬುರಗಿ
ಎರಡೂವರೆ ವಾರ ಬಿಟ್ಟು ಬರೆಯುತ್ತಿದ್ದೇನೆ. ಪುಟ ಬರೆದು ಕೊಟ್ಟೆ. ದುಡ್ಡಿಲ್ಲ, ಫೋನಿಲ್ಲ, ಆರು ದಿನ ಹಾಜರಿ, ಮೊದಲು ಮೈದಾನ, ಹೊರಗಿನವರ ಚಾಟ್ ಬಂದ್, ಮಾರ್ಚಿಗೆ ಬಂದ್. ಹೆಡ್ ಟೀಚರ್ ಎರಡು ಸಲ ಓದಿ, ಕೆಳಗೆ ತಮ್ಮ ಕೈಯಾರೆ 'ಹುಡುಗಿಯರು ಅರ್ಧ' ಅಂತ ಸೇರಿಸಿ ಸಹಿ ಹಾಕಿದರು.

ಬಂದೂಕಿನ ಗೇಮ್ ಇಲ್ಲ ಅಂದದ್ದಕ್ಕೆ ಏಳರಲ್ಲಿ ಇಬ್ಬರು ಮುಖ ಊದಿಸಿಕೊಂಡು ಹೋದರು. ಒಬ್ಬ ಮರುದಿನ ವಾಪಸ್ ಬಂದ, ಇನ್ನೊಬ್ಬ ಬರಲಿಲ್ಲ. ಅವನನ್ನು ಮತ್ತೆ ಕರೆಯುತ್ತೇನೆ. 9ನೇ ಕ್ಲಾಸಿನ ಹುಡುಗಿಯರನ್ನು ನಾನೇ ಹೋಗಿ ಕೇಳಿದೆ. ಮೊದಲು ಎಲ್ಲರೂ ನೆಲ ನೋಡಿದರು. ಲ್ಯಾಬಿಗೆ ಬಂದು ಮುಟ್ಟಿ ನೋಡಿ ಸಾಕು ಅಂದೆ. ಐದು ಜನ ಬಂದರು.

ಹೋದ ಶನಿವಾರ ಮೊದಲ ಆಟ. ಮೂರಕ್ಕೆ ಮೂರು, ನಮ್ಮ ನಮ್ಮಲ್ಲೇ. ಮೊದಲ ಮ್ಯಾಚಿನಲ್ಲಿ ಆರೂ ಕಾರು ಚೆಂಡಿನ ಹಿಂದೆಯೇ, ಗೋಲ್ ಖಾಲಿ. ಯಾದಗಿರಿ ಸರ್ ಹೇಳಿದ ಹಾಗೆ ಕಂಪ್ಯೂಟರ್ ಬಂದ್ ಮಾಡಿಸಿ, ಹತ್ತು ನಿಮಿಷ ಬರೀ 'ನಂದು', 'ಬಿಡು' ಕೂಗಿಸಿದೆ. ಎರಡನೇ ಮ್ಯಾಚಿನಲ್ಲಿ ಆ ಮಾತಾಡದ ಹುಡುಗ ಹಿಂದೆ ಗೋಲಿನ ಹತ್ತಿರ ನಿಂತು, ಸಣ್ಣ ದನಿಯಲ್ಲಿ ಹೇಳಲು ಶುರು ಮಾಡಿದ. 'ನೀ ಹೋಗು. ಬಿಡು, ಬಿಡು. ಈಗ ನಂದು.' ಅವನ ಪಕ್ಕ ಕೂತ ಹುಡುಗಿಗೆ ಕೇಳಿಸಲಿಲ್ಲ, 'ಜೋರಾಗಿ ಹೇಳೋ' ಅಂತ ಗದರಿದಳು. ಅವನು ಜೋರಾಗಿ ಹೇಳಿದ!

ಮೂರನೇ ಮ್ಯಾಚಿಗೆ ಕರೆಂಟ್ ಹೋಯಿತು. ಯುಪಿಎಸ್ ಕೂಗುತ್ತಿತ್ತು, ಇನ್ನೂ 2 ನಿಮಿಷ ಬಾಕಿ, 1-1. ಸದ್ದು ಕೇಳಿ ಹೆಡ್ ಟೀಚರ್ ಬಾಗಿಲಿಗೆ ಬಂದು ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. 'ಆ ನೀಲಿ ಗಾಡಿ ಯಾರದು? ಚೆಂಡು ಅಲ್ಲಿದೆಯಲ್ಲ, ಹೋಗಬಾರದಾ?' ಅಂದರು.

ಗಣಿತದ_ಅಕ್ಕೋರು
ಹಾಜರಿ ಹೇಗಿದೆ ಸರ್?

ಲ್ಯಾಬ್_ಮಾಸ್ತರ_ಕಲಬುರಗಿ
ಹನ್ನೊಂದರಲ್ಲಿ ಒಂಬತ್ತು ಮಕ್ಕಳು ಆರೂ ದಿನ ಬಂದಿದ್ದಾರೆ ಅಕ್ಕೋರೇ. ಉಳಿದ ಇಬ್ಬರಲ್ಲಿ ಒಬ್ಬ ಅಪ್ಪನ ಜೊತೆ ಹೊಲಕ್ಕೆ ಹೋಗಿದ್ದ. ಅವನನ್ನು ಹೊರಗೆ ಕೂರಿಸಲು ನನಗೆ ತುಂಬಾ ಕಷ್ಟವಾಯಿತು. ಸ್ಕೋರ್ ಬರೆಯುವ ಕೆಲಸ ಕೊಟ್ಟೆ.

ಗಣಿತದ_ಅಕ್ಕೋರು
ಒಳ್ಳೆಯದು ಮಾಡಿದಿರಿ. ಆ ಸ್ಕೋರಿನ ಸರಾಸರಿ ತೆಗೆಯಲು ಹೇಳಿ, ನಾನು ಕಲಿಸುತ್ತೇನೆ. ಅವನ ನೋಟ್‌ಬುಕ್ಕಿನ ಫೋಟೊ ಕಳಿಸಿ.

ಲ್ಯಾಬ್_ಮಾಸ್ತರ_ಕಲಬುರಗಿ
ಖಂಡಿತ. ಒಂದು ಕೇಳುವುದಿತ್ತು. ಒಂದು ಕೀಬೋರ್ಡಿನಲ್ಲಿ ಡಬ್ಲ್ಯು ಕೀ ಒತ್ತಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ, ಕಾರು ಗೋಡೆಗೆ ಹೋಗಿ ನಿಲ್ಲುತ್ತದೆ. ಯಾರ ಹತ್ತಿರವಾದರೂ ಹಳೆಯದು ಇದ್ದರೆ ಹೇಳಿ.

ಸೂಪರ್_ಮಾರ್ಕೆಟ್_ಕೆಫೆ
ಕೆಫೆಯವು ನಾಲ್ಕು ಇವೆ, ಮಂಚದ ಕೆಳಗೆ ಡಬ್ಬಿಯಲ್ಲಿ. ಶಾಲೆ ಎಲ್ಲಿ ಅಂತ ಮೆಸೇಜ್ ಮಾಡಿ, ಸೋಮವಾರ ತಂದು ಕೊಡುತ್ತೇನೆ. ದೂಳು ಊದುವ ಬ್ಲೋಯರೂ ತರುತ್ತೇನೆ.